ದೂರದ ಸೆರೆಯಲ್ಲಿರುವ ಸಹೋದರರ ಜೊತೆ ನಿಲ್ಲುವ ಬಗೆ: ಕೋಲಾರ ಸೀಮೆಯ ಸಭೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಹೆಚ್ಚಿನ ಸಭೆಗಳಲ್ಲಿ ಭಾನುವಾರದ ಪ್ರಾರ್ಥನೆಯೊಳಗೆ ಒಂದು ಮಾತು ಇದ್ದೇ ಇರುತ್ತದೆ: ಲೋಕದ ನಾನಾ ಕಡೆ ಹಿಂಸೆ ಅನುಭವಿಸುತ್ತಿರುವ ನಿನ್ನ ಮಕ್ಕಳನ್ನು ಕಾಪಾಡು, ಕರ್ತನೇ. ಆಮೆನ್ ಅಂದು ಮುಂದಕ್ಕೆ ಹೋಗುತ್ತೇವೆ. ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಯಾರು, ಎಲ್ಲಿ, ಯಾವ ಕಾರಣಕ್ಕೆ ಎಂದು ಕೇಳಿದರೆ ಹೇಳಬಲ್ಲವರು ಸಭೆಯಲ್ಲಿ ಒಬ್ಬಿಬ್ಬರೂ ಸಿಗುವುದಿಲ್ಲ. ಹೆಸರಿಲ್ಲದ ನೋವಿಗೆ ಬಹಳ ದಿನ ಮರುಗುವುದು ಮನುಷ್ಯರಿಂದ ಆಗುವುದಿಲ್ಲ.

ಆಸಿಯಾ ಬೀಬಿಯನ್ನು ನೆನೆಸಿಕೊಳ್ಳಿ. ಪಾಕಿಸ್ತಾನದ ಪಂಜಾಬಿನ ಬಡ ಕೂಲಿ ಹೆಂಗಸು. 2009ರ ಜೂನ್‌ನಲ್ಲಿ ಹಣ್ಣು ಬಿಡಿಸುವ ಕೆಲಸದ ನಡುವೆ ಕುಡಿಯುವ ನೀರಿನ ವಿಷಯಕ್ಕೆ ಜಗಳವಾಯಿತು, ದೇವದೂಷಣೆಯ ಆರೋಪ ಬಂತು, 2010ರ ನವೆಂಬರ್‌ನಲ್ಲಿ ಮರಣದಂಡನೆಯಾಯಿತು. ಸುಪ್ರೀಂ ಕೋರ್ಟ್ ಆಕೆಯನ್ನು ನಿರ್ದೋಷಿ ಎಂದದ್ದು 2018ರ ಅಕ್ಟೋಬರ್ 31ರಂದು. ತೀರ್ಪು ಬಂದ ವಾರ ಅತ್ತವರು ಲೋಕದಲ್ಲಿ ಲಕ್ಷಾಂತರ. ನಡುವಿನ ಎಂಟು ವರ್ಷ ಆ ಹೆಸರನ್ನು ಬಿಡದೆ ಹಿಡಿದವರು ಕೆಲವರೇ, ಆಕೆಯ ಕೆಲಸಕ್ಕೆ ಬಂದವರೂ ಅವರೇ. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಒಂದು ಜಾಗ, ಒಂದು ಹೆಸರು ಆರಿಸಿಕೊಳ್ಳಿ, ವರ್ಷಗಟ್ಟಲೆ ಬಿಡಬೇಡಿ. ಕೋಲಾರ, ಬಂಗಾರಪೇಟೆ, ಕೆಜಿಎಫ್, ಚಿಂತಾಮಣಿ, ಶಿರಾದ ಮೂವತ್ತು ಮನೆಗಳ ಸಭೆಯೂ ಇದನ್ನು ಮಾಡಬಹುದು.

ದೂರದವರ ಸಹಾಯ ನಮಗೆ ಹೊಸದೇನಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಅನಾಥರಾದ ಮಕ್ಕಳಿಗಾಗಿ ಕೋಲಾರದಲ್ಲಿ ಮಿಷನ್ ಅನಾಥಾಲಯ ನಡೆಯಿತು, ಆ ಕೆಲಸ ಮುಂದೆ ಮೆಥೊಡಿಸ್ಟರ ಕೈಗೆ ಬಂತು. 1910ರಲ್ಲಿ ಶುರುವಾದ ಕೋಲಾರದ ಇಟಿಸಿಎಂ ಮಿಷನ್ ಆಸ್ಪತ್ರೆ ಅದೇ ಬೇರಿನದು. ನಮ್ಮ ಊರನ್ನು ಭೂಪಟದಲ್ಲೂ ಗುರುತಿಸಲಾರದ ಜನ ಅದಕ್ಕೆ ಕಾಣಿಕೆ ಕಳಿಸಿದರು. ಅವರ ಹೆಸರೂ ನಮಗೆ ಗೊತ್ತಿಲ್ಲ.

ಮೊದಲು: ಯಾವ ಬಗೆಯ ಹಿಂಸೆ ಎಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದರೆ ಮಾಡಿದ ಸಹಾಯವೇ ತೊಂದರೆಯಾಗುತ್ತದೆ. ಓಪನ್ ಡೋರ್ಸ್ ಸಂಸ್ಥೆ ಪ್ರತಿ ಜನವರಿಯಲ್ಲಿ ಕ್ರೈಸ್ತರಿಗೆ ಬದುಕು ಅತಿ ಕಷ್ಟವಾದ 50 ದೇಶಗಳ ಪಟ್ಟಿ ಹೊರಡಿಸುತ್ತದೆ. 2025ರ ಪಟ್ಟಿಯ ಪ್ರಕಾರ ತೀವ್ರ ಹಿಂಸೆ, ತಾರತಮ್ಯ ಅನುಭವಿಸುತ್ತಿರುವ ಕ್ರೈಸ್ತರು 38 ಕೋಟಿಗೂ ಹೆಚ್ಚು. ಇಷ್ಟು ದೊಡ್ಡ ಸಂಖ್ಯೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆ ಪಟ್ಟಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಅಳತೆಯ ರೀತಿ. ಕೊಲೆ, ಬೆಂಕಿ, ಅಪಹರಣಗಳನ್ನು ಒಂದು ಕಡೆ ಎಣಿಸಿ, ವೈಯಕ್ತಿಕ ಬದುಕು, ಕುಟುಂಬ, ಊರು, ದೇಶ, ಸಭೆ ಎಂಬ ಐದು ವಲಯಗಳಲ್ಲಿ ಬೀಳುವ ಒತ್ತಡವನ್ನು ಬೇರೆಯಾಗಿ ಅಳೆಯುತ್ತಾರೆ. ರಕ್ತ ಹರಿಯದ ಕಡೆಯೂ ಉಸಿರು ಕಟ್ಟಿರಬಹುದು.

ಸರ್ಕಾರವೇ ಹಿಂಸಿಸುವ ದೇಶಗಳಿವೆ. ಉತ್ತರ ಕೊರಿಯಾ ಆ ಪಟ್ಟಿಯ ಮೇಲ್ತುದಿಯಲ್ಲಿ ವರ್ಷಗಳಿಂದ ಇದೆ. ಎರಿಟ್ರಿಯಾದಲ್ಲಿ 2002ರಿಂದ ಆರ್ಥೊಡಾಕ್ಸ್, ಕ್ಯಾಥೊಲಿಕ್, ಲುಥೆರನ್ ಸಭೆಗಳು ಮತ್ತು ಸುನ್ನಿ ಇಸ್ಲಾಂ ಬಿಟ್ಟು ಬೇರೆಯವರು ಕೂಡುವಂತಿಲ್ಲ. ಹಡಗಿನ ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳಲ್ಲಿ ವಿಶ್ವಾಸಿಗಳನ್ನು ಕೂಡಿಹಾಕಿದ್ದಾರೆ. ಸುವಾರ್ತಾ ಗಾಯಕಿ ಹೆಲೆನ್ ಬೆರ್ಹಾನೆ ಅಂಥದರಲ್ಲೇ ಸೆರೆಯಿದ್ದು ಹೊರಬಂದವರು. ಚೀನಾದ ಚೆಂಗ್ಡುವಿನ ಪಾಸ್ಟರ್ ವಾಂಗ್ ಯಿ 2018ರ ಡಿಸೆಂಬರ್ 9ರಂದು ಬಂಧಿತರಾಗಿ, ಮುಂದಿನ ವರ್ಷ ಒಂಬತ್ತು ವರ್ಷದ ಶಿಕ್ಷೆಗೆ ಗುರಿಯಾದರು.

ಪಾಕಿಸ್ತಾನದ್ದು ಬೇರೆ. ಅಲ್ಲಿ ಕ್ರೈಸ್ತರು ಮತ ಹಾಕುತ್ತಾರೆ, ಚರ್ಚುಗಳು ಬಹಿರಂಗವಾಗಿ ನಡೆಯುತ್ತವೆ. ಆದರೆ ದಂಡಸಂಹಿತೆಯಲ್ಲಿ ದೇವದೂಷಣೆಗಿರುವ 295-ಸಿ ಕಲಮು ನೆರೆಹೊರೆಯ ಜಗಳವನ್ನೂ ಮರಣದಂಡನೆಯ ಕೇಸು ಮಾಡಬಲ್ಲದು. ಕೋರ್ಟಿನ ತನಕ ಕಾಯದ ಗುಂಪು ಮೊದಲೇ ಬೆಂಕಿ ಇಡುತ್ತದೆ. 2023ರ ಆಗಸ್ಟ್ 16ರಂದು ಜರನ್‌ವಾಲಾದಲ್ಲಿ ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಚರ್ಚುಗಳು ದಾಳಿಗೆ ತುತ್ತಾದವು.

ನೈಜೀರಿಯಾದ ಉತ್ತರದಲ್ಲಿ, ಮಧ್ಯದಲ್ಲಿ ಸಶಸ್ತ್ರ ಗುಂಪುಗಳ ಹಾವಳಿ. 2018ರ ಫೆಬ್ರವರಿಯಲ್ಲಿ ದಾಪ್ಚಿ ಶಾಲೆಯಿಂದ 110 ಹುಡುಗಿಯರನ್ನು ಹೊತ್ತೊಯ್ದರು. ಬದುಕುಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಬಿಟ್ಟು, ನಂಬಿಕೆ ಬಿಡಲೊಪ್ಪದ ಲೇಯಾ ಶರಿಬುವನ್ನು ಮಾತ್ರ ಇಟ್ಟುಕೊಂಡರು. ಆಗ ಅವಳಿಗೆ ಹದಿನಾಲ್ಕು ವರ್ಷ. ಇನ್ನು ಇರಾನ್, ಸೊಮಾಲಿಯಾ, ಅಫ್ಘಾನಿಸ್ತಾನದಂಥ ಕಡೆ ಹೊಸದಾಗಿ ನಂಬಿದವರಿಗೆ ಮೊದಲ ಭಯ ಸ್ವಂತ ಮನೆಯವರದೇ.

ಕಾರಣ ಬದಲಾದಂತೆ ಸಹಾಯವೂ ಬದಲಾಗಬೇಕು. ಎರಿಟ್ರಿಯಾದ ಕೈದಿಗೆ ಲೋಕದ ಗಮನ ಬೇಕು, ಹೆಸರು ಎಷ್ಟು ಜನರ ಬಾಯಲ್ಲಿದ್ದರೆ ಅಷ್ಟು ಒಳ್ಳೆಯದು. ಸೊಮಾಲಿಯಾದ ಹೊಸ ವಿಶ್ವಾಸಿಯ ಹೆಸರು ಹೊರಬಿದ್ದರೆ ಅವನ ಜೀವಕ್ಕೇ ಅಪಾಯ. ಪಾಕಿಸ್ತಾನದವರಿಗೆ ವಕೀಲ ಬೇಕು, ತಲೆಮರೆಸಿಕೊಳ್ಳಲು ಜಾಗ ಬೇಕು. ನೈಜೀರಿಯಾದ ನಿರಾಶ್ರಿತರಿಗೆ ಅಕ್ಕಿ, ಸೂರು, ಮಕ್ಕಳ ಶಾಲೆ ಬೇಕು.

ಎರಡನೆಯದು: ಒಂದು ದೇಶ, ಒಂದು ಹೆಸರು

ಸಭೆಯಲ್ಲಿ ಮೂರು ನಾಲ್ಕು ಜನ ಆಸಕ್ತರು ಸಾಕು. ಮೊದಲು ಅಯ್ಯನವರ ಅಥವಾ ಫಾದರ್ ಅವರ ಒಪ್ಪಿಗೆ ಪಡೆಯಿರಿ. ಅವರಿಗೆ ಗೊತ್ತಿಲ್ಲದೆ ಶುರುವಾದ ಗುಂಪು ಸಭೆಯಲ್ಲಿ ಬೇರೆ ತಲೆನೋವಿಗೆ ದಾರಿ ಮಾಡುತ್ತದೆ.

ಆರಿಸುವಾಗ ನಿಮ್ಮ ಸಭೆಗೆ ಆಗಲೇ ಇರುವ ನಂಟನ್ನು ನೋಡಿ. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು ಆಂಗ್ಲಿಕನ್ ಬಳಗಕ್ಕೆ ಸೇರಿದವು, ಪಾಕಿಸ್ತಾನದ ಸಭೆಯೂ ನೈಜೀರಿಯಾದ ಆಂಗ್ಲಿಕನ್ ಸಭೆಯೂ ಅದೇ ಬಳಗದವು. ಮೆಥೊಡಿಸ್ಟರಿಗೆ ನೈಜೀರಿಯಾದಲ್ಲಿ ದೊಡ್ಡ ಸಹೋದರ ಸಭೆಯಿದೆ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಕ್ಯಾಥೊಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯದವರು, ಅವರಿಗೆ ಇರಾಕಿನ ಕಲ್ದೀಯ, ಸಿರಿಯಾಕ್ ಕ್ಯಾಥೊಲಿಕ್ ಸಭೆಗಳ ಜೊತೆ ನೇರ ಸಂಬಂಧವಿದೆ. ಇಂಥ ನಂಟಿದ್ದರೆ ಸುದ್ದಿ ಖಚಿತವಾಗಿ ಸಿಗುತ್ತದೆ, ಕಾಣಿಕೆಗೂ ದಾರಿ ಇರುತ್ತದೆ.

ವ್ಯಕ್ತಿಯ ಹೆಸರು ಆರಿಸುವಾಗ ಕುಟುಂಬದವರೇ ಬಹಿರಂಗ ಮಾಡಿರುವ ಹೆಸರನ್ನಷ್ಟೇ ತೆಗೆದುಕೊಳ್ಳಿ. ಲೇಯಾ ಶರಿಬು, ವಾಂಗ್ ಯಿ ಅಂಥವರು. ಎರಿಟ್ರಿಯಾದಲ್ಲಿ 2004ರ ಮೇ ತಿಂಗಳಲ್ಲಿ ಬಂಧಿತರಾಗಿ ವಿಚಾರಣೆಯೇ ಕಾಣದ ಪಾಸ್ಟರುಗಳಾದ ಹೈಲೆ ನೈಜ್ಗಿ, ಕಿಫ್ಲು ಗೆಬ್ರೆಮೆಸ್ಕೆಲ್ ಕೂಡ. ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಹೆಸರು, ಬಂಧನದ ದಿನ, ಆರೋಪ, ಕೋರ್ಟಿನ ತಾರೀಖುಗಳು, ಮನೆಯವರ ಸ್ಥಿತಿ ಬರೆಯುತ್ತಾ ಹೋಗಿ. ಸುದ್ದಿ ಎಲ್ಲಿಂದ ಬಂತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಮೂರನೆಯದು: ಸುದ್ದಿಯನ್ನು ಜರಡಿ ಹಿಡಿಯಿರಿ

"ಭಾರತದ ಸಭೆಗಾಗಿ ಪ್ರಾರ್ಥಿಸಿ, ನಿನ್ನೆ ರಾತ್ರಿ ಬೌದ್ಧ ಉಗ್ರರು 20 ಚರ್ಚು ಸುಟ್ಟರು, ಇವತ್ತು ರಾತ್ರಿ ಒಲಿಸಬಾಂಗ್ ಪ್ರಾಂತ್ಯದಲ್ಲಿ 200 ಚರ್ಚು ಸುಡಲಿದ್ದಾರೆ" ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಒಲಿಸಬಾಂಗ್ ಎಂಬ ಪ್ರಾಂತ್ಯ ಭಾರತದಲ್ಲಿಲ್ಲ. ಭಾರತದಲ್ಲೇ ಇರುವ ನಾವೇ ಅದನ್ನು ಮುಂದಕ್ಕೆ ಕಳಿಸಿದ್ದೇವೆ! ಅಫ್ಘಾನಿಸ್ತಾನದಲ್ಲಿ ನಾಳೆ ಮಧ್ಯಾಹ್ನ 22 ಮಿಷನರಿಗಳನ್ನು ಕೊಲ್ಲುತ್ತಾರೆ ಎಂಬುದೂ ವರ್ಷ ವರ್ಷ ತಿರುಗಿ ಬರುವ ಇನ್ನೊಂದು ಸಂದೇಶ. ಆ "ನಾಳೆ" ಯಾವತ್ತೂ ಬಂದಿಲ್ಲ.

ಸುಳ್ಳು ಸುದ್ದಿಗೆ ಪ್ರಾರ್ಥಿಸಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ದೊಡ್ಡದು. ನಾಲ್ಕು ಸಲ ಮೋಸಹೋದ ಸಭೆ ಐದನೆಯ ಸಲ ನಿಜವಾದ ಕೂಗು ಬಂದಾಗ ಕಿವಿಗೊಡುವುದಿಲ್ಲ. ನಮ್ಮನ್ನು ಹಿಂಸಿಸುವವರಿಗೂ "ನೋಡಿ, ಇವರದೆಲ್ಲ ಕಟ್ಟುಕತೆ" ಎನ್ನಲು ನಾವೇ ಅವಕಾಶ ಕೊಟ್ಟಂತೆ.

ಸಂದೇಶ ಬಂದ ಕೂಡಲೇ ಮೂರು ಪ್ರಶ್ನೆ ಕೇಳಿ. ತಾರೀಖು, ಊರು ಇದೆಯೇ? ಆ ಊರು ಭೂಪಟದಲ್ಲಿ ಸಿಗುತ್ತದೆಯೇ? ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆ ಈ ಸುದ್ದಿ ಬಂದಿದೆಯೇ? ಓಪನ್ ಡೋರ್ಸ್, ಕ್ರಿಶ್ಚಿಯನ್ ಸಾಲಿಡಾರಿಟಿ ವರ್ಲ್ಡ್‌ವೈಡ್, ಎಯ್ಡ್ ಟು ದ ಚರ್ಚ್ ಇನ್ ನೀಡ್ ಸಂಸ್ಥೆಗಳ ವರದಿಗಳ ಜೊತೆಗೆ ದೊಡ್ಡ ಸುದ್ದಿಸಂಸ್ಥೆಗಳ ವರದಿಯನ್ನೂ ಇಟ್ಟು ನೋಡಿ. ಎರಡರಲ್ಲೂ ಸಿಕ್ಕರೆ ಮಾತ್ರ ಪುಲ್ಪಿಟ್ಟಿನಿಂದ ಹೇಳಿ. ರಕ್ತ, ಶವ, ಶಿರಚ್ಛೇದದ ವೀಡಿಯೊಗಳನ್ನು ಯಾವ ಕಾರಣಕ್ಕೂ ಹಂಚಬೇಡಿ. 2015ರಲ್ಲಿ ಲಿಬಿಯಾದ ಕಡಲತೀರದಲ್ಲಿ 21 ಜನರನ್ನು ಕೊಂದವರು ಆ ವೀಡಿಯೊ ಮಾಡಿದ್ದೇ ಲೋಕ ನೋಡಲಿ ಎಂದು.

ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಕೋಲಾರದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ನಡೆಯುತ್ತವೆ. ಲಾಹೋರಿನ ಪತ್ರಿಕೆ ಏನು ಬರೆದಿದೆ ಎಂದು ಓದಿ ಹೇಳಬಲ್ಲ ಉರ್ದು ಮೇಷ್ಟ್ರು, ಶ್ರೀಲಂಕಾದ ಬಟ್ಟಿಕಲೋವಾದ ತಮಿಳು ಸಭೆಯ ಸುದ್ದಿ ಓದಬಲ್ಲ ಕೆಜಿಎಫ್‌ನ ಅಕ್ಕ ಇಲ್ಲೇ ಸಿಗುತ್ತಾರೆ. ದಿನಾ ರೈಲಿನಲ್ಲಿ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗಿಬರುವ ಯುವಕರಿಗೆ ಈ ಓದಿನ ಕೆಲಸ ವಹಿಸಿ, ಕೈಯಲ್ಲಿ ಫೋನಿದೆ, ದಾರಿ ಉದ್ದ ಇದೆ.

ನಾಲ್ಕನೆಯದು: ಪ್ರಾರ್ಥನೆ

ಹೊಸ ಕೂಟ ಕಟ್ಟಬೇಡಿ. ಆಗಲೇ ನಡೆಯುವ ಮನೆ ಪ್ರಾರ್ಥನೆ, ಸ್ತ್ರೀಯರ ಕೂಟ, ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಹತ್ತು ನಿಮಿಷ ಕೇಳಿಕೊಳ್ಳಿ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಕೂಡುವವರಿಗೆ ಹತ್ತು ನಿಮಿಷ ದೊಡ್ಡದೇ. ನೋಟ್‌ಬುಕ್ ತೆಗೆದು ಈ ತಿಂಗಳ ಸುದ್ದಿ ಓದಿ, ಆಮೇಲೆ ಪ್ರಾರ್ಥಿಸಿ. ಸುದ್ದಿ ಇಲ್ಲದಿದ್ದರೆ ಸುದ್ದಿ ಇಲ್ಲ ಎಂದೇ ಹೇಳಿ ಪ್ರಾರ್ಥಿಸಿ. ಎರಿಟ್ರಿಯಾದ ಕೈದಿಯ ಹೆಂಡತಿಗೂ ವರ್ಷಗಟ್ಟಲೆ ಸಿಗುವುದು ಅದೇ.

ಬಿಡುಗಡೆಗಾಗಿ ಮಾತ್ರ ಕೇಳಬೇಡಿ. ಕೇಸು ಹಿಡಿದ ವಕೀಲ, ತೀರ್ಪು ಬರೆಯಬೇಕಾದ ನ್ಯಾಯಾಧೀಶ, ಬಾಗಿಲ ಬಳಿ ನಿಂತ ಕಾವಲುಗಾರ, ಶಾಲೆಯಲ್ಲಿ ಹೀಯಾಳಿಕೆ ತಿನ್ನುವ ಮಗ, ಇವರ ಹೆಸರು ಗೊತ್ತಿದ್ದರೆ ಹೆಸರಿಟ್ಟು, ಇಲ್ಲದಿದ್ದರೆ ಸ್ಥಾನ ಹೇಳಿ ಬೇಡಿಕೊಳ್ಳಿ. ಸೆರೆಯಿಂದ ಹೊರಬಂದ ಅನೇಕರು "ಬಿಡುಗಡೆಯಾಗಲಿ" ಎಂಬುದಕ್ಕಿಂತ "ತಾಳಿಕೊಳ್ಳುವ ಬಲ ಬರಲಿ" ಎಂದು ಬೇಡಿಕೊಳ್ಳಲು ಹೇಳುತ್ತಾರೆ. ಸೆರೆಯವರ ಜೊತೆ ನಾವೂ ಸೆರೆಯಲ್ಲಿದ್ದೇವೆ ಎಂದುಕೊಂಡು ನೆನೆಸಿರಿ ಎಂಬ ಇಬ್ರಿಯರ ಪತ್ರಿಕೆಯ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ವರ್ಷದಲ್ಲಿ ಎರಡು ದಿನ ಸಭೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ನವೆಂಬರ್ ಮೊದಲ ಭಾಗದ ಭಾನುವಾರ ಹಿಂಸೆಗೊಳಗಾದ ಸಭೆಗಾಗಿ ಲೋಕದ ಅನೇಕ ಕಡೆ ಪ್ರಾರ್ಥನೆ ನಡೆಯುತ್ತದೆ. ಇನ್ನೊಂದು ಫೆಬ್ರವರಿ 15, ಲಿಬಿಯಾದ 21 ಹುತಾತ್ಮರ ದಿನ. ಅವರಲ್ಲಿ 20 ಮಂದಿ ಈಜಿಪ್ಟಿನ ಕಾಪ್ಟಿಕ್ ಸಭೆಯ ಕೂಲಿಗಳು, ಒಬ್ಬ ಘಾನಾದ ಮ್ಯಾಥ್ಯೂ. ದುಡಿದು ಮನೆಗೆ ಹಣ ಕಳಿಸಲು ಪರದೇಶಕ್ಕೆ ಹೋಗಿದ್ದವರು. ಗಲ್ಫಿಗೆ ಮಗನನ್ನು ಕಳಿಸಿದ ನಮ್ಮ ಕಡೆಯ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದನೆಯದು: ಪತ್ರ ಬರೆಯುವುದು, ಬರೆಯದಿರುವುದು

ಕೈದಿಗೆ ಬರೆದ ಪತ್ರ ಅವನ ಕೈ ಸೇರದಿದ್ದರೂ ಜೈಲಿನವರ ಕೈ ಸೇರುತ್ತದೆ. ಈ ಮನುಷ್ಯನನ್ನು ಹೊರಗೆ ಯಾರೋ ಲೆಕ್ಕದಲ್ಲಿಟ್ಟಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ. ಅಷ್ಟಕ್ಕೇ ಹೊಡೆತ ಕಡಿಮೆಯಾದದ್ದುಂಟು. ಆದರೆ ಹೊರದೇಶದ ಮಾರ್ಗದರ್ಶಿಗಳು ಹೇಳದ ಒಂದು ವಿಷಯ ನಮಗೆ ಮುಖ್ಯ. ಭಾರತದ ಅಂಚೆಮುದ್ರೆಯಿರುವ ಲಕೋಟೆ ಪಾಕಿಸ್ತಾನದ ಜೈಲಿಗೆ ಹೋದರೆ, ದೇವದೂಷಣೆಯ ಆರೋಪದ ಮೇಲೆ ಗೂಢಚಾರಿಕೆಯ ಅನುಮಾನವೂ ಸೇರಿಕೊಳ್ಳಬಹುದು. ಆದ್ದರಿಂದ ಪಾಕಿಸ್ತಾನದ ಕೈದಿಗಳಿಗೆ, ಅವರ ಮನೆಯವರಿಗೆ ಇಲ್ಲಿಂದ ನೇರವಾಗಿ ಬರೆಯಬೇಡಿ, ಕರೆ ಮಾಡಬೇಡಿ, ಫೇಸ್‌ಬುಕ್ಕಿನಲ್ಲಿ ಹುಡುಕಿ ಮಾತಾಡಿಸಬೇಡಿ. ಮನಸ್ಸು ಎಷ್ಟೇ ಮಿಡಿದರೂ ತಡೆಯಿರಿ. ಚೀನಾದ ವಿಷಯದಲ್ಲೂ ಇದೇ ಎಚ್ಚರ ಇರಲಿ. ಉತ್ತರ ಕೊರಿಯಾಕ್ಕಂತೂ ಮಾತೇ ಇಲ್ಲ.

ಇಲ್ಲಿಂದ ಧೈರ್ಯವಾಗಿ ಬರೆಯಬಹುದಾದದ್ದು ಶ್ರೀಲಂಕಾ, ನೈಜೀರಿಯಾ, ಈಜಿಪ್ಟ್, ಇರಾಕಿನ ಸಭೆಗಳಿಗೆ. ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಅಲ್ಲಿನ ಸಭಾಪಾಲಕರ ಮೂಲಕ ಕಳಿಸಿ. ಸಣ್ಣ ಕಾರ್ಡು ಸಾಕು. ಸುಲಭ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಕನ್ನಡದಲ್ಲಿ ಒಂದು ವಚನ, ಮಕ್ಕಳು ಬರೆದ ಚಿತ್ರ. ರಾಜಕೀಯ, ಆ ದೇಶದ ಸರ್ಕಾರದ ಟೀಕೆ, ಬೇರೆ ಧರ್ಮದ ನಿಂದೆ, ಹಣದ ಪ್ರಸ್ತಾಪ, ಸಂಸ್ಥೆಗಳ ಹೆಸರು ಏನೂ ಬೇಡ. "ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ" ಎಂದು ಬರೆಯಬೇಡಿ, ಅರ್ಥವಾಗಿರುವುದಿಲ್ಲ. "ನಿಮ್ಮ ಮಗನ ಹೆಸರನ್ನು ನಮ್ಮ ಸಭೆಯಲ್ಲಿ ಪ್ರತಿ ವಾರ ಹೇಳುತ್ತೇವೆ" ಎಂದು ಬರೆಯಿರಿ, ಅದು ನಿಜವಾಗಿದ್ದರೆ. ವಿಳಾಸಕ್ಕೆ ಸಭೆಯದನ್ನು ಹಾಕಿ, ಮನೆಯದು ಬೇಡ.

ಇನ್ನೊಂದು ಬಗೆಯ ಪತ್ರ ದೆಹಲಿಯಲ್ಲಿರುವ ಆ ದೇಶದ ರಾಯಭಾರಿಗೆ. ಒಂದು ಪುಟ ಮೀರಬಾರದು. ನಾವು ಇಂಥ ಊರಿನ ಇಂಥ ಸಭೆಯವರು ಎಂದು ಒಂದು ಸಾಲು, ಕೈದಿಯ ಹೆಸರು, ಬಂಧನದ ದಿನ, ಗೊತ್ತಿರುವ ಸಂಗತಿ. ಆಮೇಲೆ ಆ ದೇಶವೇ ಒಪ್ಪಿರುವ ಮಾತನ್ನು ನೆನಪಿಸಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 18ನೆಯ ವಿಧಿ ಧರ್ಮದ ಸ್ವಾತಂತ್ರ್ಯವನ್ನು ಕಾಯುತ್ತದೆ. ಎರಿಟ್ರಿಯಾ ಅದಕ್ಕೆ ಸೇರಿದ್ದು 2002ರಲ್ಲಿ, ಸಭೆಗಳ ಬಾಗಿಲು ಮುಚ್ಚಿಸಿದ ಅದೇ ವರ್ಷ. ಕೊನೆಗೆ ಒಂದೇ ಕೋರಿಕೆ: ವಿಚಾರಣೆ ನಡೆಸಿ ಅಥವಾ ಬಿಡುಗಡೆ ಮಾಡಿ. ಮರ್ಯಾದೆಯ ಭಾಷೆ ಇರಲಿ, ಬೆದರಿಕೆಯ ದನಿ ಬೇಡ. ನಕಲನ್ನು ನಿಮ್ಮ ಲೋಕಸಭಾ ಸದಸ್ಯರಿಗೂ ಕಳಿಸಿ. ಅವರು ಯಾವ ಪಕ್ಷದವರಾದರೂ ಸರಿ, ವಿದೇಶಾಂಗ ಇಲಾಖೆಗೆ ಪ್ರಶ್ನೆ ಕೇಳುವ ಅಧಿಕಾರ ಅವರಿಗಿದೆ.

ಆರನೆಯದು: ಕಾಣಿಕೆ

ಒಳ್ಳೆಯ ಮನಸ್ಸಿನವರು ಹೆಚ್ಚಾಗಿ ಎಡವುವುದು ಇಲ್ಲಿ.

ಸಭೆಯ ಟ್ರಸ್ಟಿನ ಖಾತೆಯಿಂದ ಹೊರದೇಶಕ್ಕೆ ಹಣ ಕಳಿಸಬೇಡಿ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ವರ್ಷಕ್ಕೆ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು, ಉಡುಗೊರೆ ಮತ್ತು ದಾನ ಅದರಲ್ಲಿ ಸೇರುತ್ತವೆ. ಆದರೆ ಅದು ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟುಗಳಿಗಲ್ಲ. ಜೊತೆಗೆ ಧರ್ಮಾದಾಯ ಟ್ರಸ್ಟು ತನ್ನ ಹಣವನ್ನು ಭಾರತದ ಹೊರಗೆ ಬಳಸಿದರೆ ಆದಾಯ ತೆರಿಗೆಯ ವಿನಾಯಿತಿಗೆ ಕುತ್ತು ಬರಬಹುದು. ಕಳಿಸಲೇಬೇಕಿದ್ದರೆ ಒಬ್ಬ ವ್ಯಕ್ತಿ ತನ್ನ ಪ್ಯಾನ್ ಕಾರ್ಡಿನ ಜೊತೆ ಬ್ಯಾಂಕಿಗೆ ಹೋಗಿ, ಎ2 ಫಾರ್ಮಿನಲ್ಲಿ ಉದ್ದೇಶ ದಾನವೆಂದು ನಿಜವನ್ನೇ ಬರೆದು ಕಳಿಸಬೇಕು. ಹವಾಲಾ, ಗಲ್ಫಿನಲ್ಲಿರುವ ನೆಂಟರ ಕೈಯಿಂದ ಸುತ್ತುಬಳಸಿ ತಲುಪಿಸುವುದು, ಪಾಕಿಸ್ತಾನಕ್ಕೆ ನೇರವಾಗಿ ಕಳಿಸುವುದು, ಇವು ಯಾವುದೂ ಬೇಡ. ಸಿಕ್ಕಿಬಿದ್ದರೆ ನಿಮಗಷ್ಟೇ ಅಲ್ಲ, ಪಡೆದವರಿಗೂ ಕಷ್ಟ.

ಸುಲಭದ ದಾರಿ ಎಂದರೆ ಭಾರತದಲ್ಲೇ ನೋಂದಣಿಯಾದ, ನಿಮ್ಮ ಧರ್ಮಪ್ರಾಂತ್ಯ ಅಥವಾ ಡಯೋಸಿಸ್ ನಂಬುವ ಸಂಸ್ಥೆಯ ಮೂಲಕ ಕೊಡುವುದು. ದಾನಕ್ಕೆ ತೆರಿಗೆ ರಿಯಾಯಿತಿ ಕೊಡಿಸುವ (80ಜಿ) ರಸೀದಿ ಕೇಳಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಮಾಡಿ. ಸಂಸ್ಥೆಯನ್ನು ಆರಿಸುವಾಗ ಆಡಿಟ್ ವರದಿ ಕೇಳಿ. ಹಿಂಸೆಗೊಳಗಾದವರ ಮುಖ ತೋರಿಸಿ ಹಣ ಎತ್ತುವವರ ಹತ್ತಿರ ಎಚ್ಚರ. ಹೊಸ ವಿಶ್ವಾಸಿಗಳ ಫೋಟೊವನ್ನು ಹೆಸರು, ಊರು ಸಮೇತ ಹಾಕುವ ಸಂಸ್ಥೆ ಎಷ್ಟೇ ದೊಡ್ಡದಾದರೂ ಅದಕ್ಕೆ ಒಂದು ರೂಪಾಯಿಯೂ ಕೊಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒತ್ತೆಹಣ ಕೊಟ್ಟು ಬಿಡಿಸುತ್ತೇವೆ ಎಂದು ಚಂದಾ ಕೇಳುವವರಿಗೂ ಕೊಡಬೇಡಿ. ನೈಜೀರಿಯಾದಲ್ಲಿ ಅಪಹರಣ ಒಂದು ದಂಧೆಯಾಗಿ ನಿಂತಿರುವುದೇ ಆ ಹಣದ ಮೇಲೆ.

ಎಷ್ಟು ಕೊಡಬೇಕು? ತಿಂಗಳಿಗಿಷ್ಟು ಎಂಬ ವಾಗ್ದಾನ ಸಂಬಳದವರಿಗೆ ಸರಿ. ರಾಗಿ, ರೇಷ್ಮೆ, ಟೊಮೇಟೊ ನಂಬಿದವರಿಗೆ ಅದು ಹೊರೆ. ಟೊಮೇಟೊ ಮಂಡಿಯ ರೇಟು ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ, ಬಾಕ್ಸುಗಳನ್ನು ರಸ್ತೆಗೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ಅವರು ಬೆಳೆಗಿಷ್ಟು ಎಂದು ಗೊತ್ತುಮಾಡಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಬರುವ ಹಣದಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ಎಂದು ಸಭಾ ಸಮಿತಿಯಲ್ಲಿ ಮೊದಲೇ ಬರೆಸಿಕೊಳ್ಳಿ. ಮೊತ್ತ ಚಿಕ್ಕದಿರಲಿ, ತಪ್ಪದೆ ಹೋಗಲಿ.

ಏಳನೆಯದು: ಹತ್ತಿರವೇ ಇರುವವರು

ತುಮಕೂರು, ಕೋಲಾರ, ಬೆಂಗಳೂರಿನ ಕಾಲೇಜುಗಳಿಗೆ ಆಫ್ರಿಕಾ, ಪಶ್ಚಿಮ ಏಷ್ಯಾದಿಂದ ಓದಲು ಬಂದವರಲ್ಲಿ ಕ್ರೈಸ್ತರೂ ಇದ್ದಾರೆ. ಕ್ರಿಸ್‌ಮಸ್ ದಿನ ಹಾಸ್ಟೆಲ್ ಮೆಸ್ ಮುಚ್ಚಿರುತ್ತದೆ. ಮನೆಗೆ ಕರೆದು ಊಟ ಹಾಕಿ. ನಿಮ್ಮ ಕಷ್ಟದ ಕಥೆ ಹೇಳಿ ಎಂದು ಕೆದಕಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹೊರದೇಶದವರು ನಿಮ್ಮ ಮನೆಯಲ್ಲಿ ರಾತ್ರಿ ತಂಗಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸುವ ಫಾರ್ಮ್ (ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದದ್ದು) ತುಂಬಬೇಕು, ಮರೆಯಬೇಡಿ. ಪ್ರವಾಸಿ ವೀಸಾದಲ್ಲಿ ಬಂದವರಿಂದ ಪ್ರಸಂಗ ಮಾಡಿಸಲೂ ಬೇಡಿ, ಅವರನ್ನು ದೇಶದಿಂದ ಕಳಿಸಿಬಿಡುತ್ತಾರೆ.

ನಮ್ಮ ಕಡೆಯಿಂದ ನರ್ಸ್, ಡ್ರೈವರ್ ಆಗಿ ಗಲ್ಫಿಗೆ ಹೊರಡುವವರಿಗೂ ತಿಳಿಹೇಳಿ. ದುಬೈ, ಕುವೈತ್, ಕತಾರ್‌ಗಳಲ್ಲಿ ಗೊತ್ತುಮಾಡಿದ ಜಾಗದಲ್ಲಿ ಚರ್ಚುಗಳಿವೆ. ಸೌದಿಯಲ್ಲಿ ಬಹಿರಂಗ ಆರಾಧನೆಗೆ ಅವಕಾಶವಿಲ್ಲ. ಅಲ್ಲಿನವರಿಗೆ ಪುಸ್ತಕ ಹಂಚುವ ಉತ್ಸಾಹ ಬೇಡ. ಹೀಗೆ ಹೋದವರ ಉತ್ಸಾಹಕ್ಕೆ ದಂಡ ತೆರುವವರು ಅಲ್ಲಿನ ಗುಪ್ತ ವಿಶ್ವಾಸಿಗಳು.

ಸಂಡೇ ಸ್ಕೂಲಿನಲ್ಲಿ ಗೋಡೆಗೆ ಭೂಪಟ ಹಾಕಿ, ನಿಮ್ಮ ದೇಶವನ್ನು ಗುರುತಿಸಿ. ಕೊಂದದ್ದು, ಸುಟ್ಟದ್ದು ಚಿಕ್ಕ ಮಕ್ಕಳಿಗೆ ಬೇಡ. ಆ ದೇಶದ ಮಕ್ಕಳು ಏನು ತಿನ್ನುತ್ತಾರೆ, ಯಾವ ಹಾಡು ಹಾಡುತ್ತಾರೆ ಎಂಬಲ್ಲಿಂದ ಶುರುಮಾಡಿ.

ಎಂಟನೆಯದು: ಸಿಟ್ಟು ನೆರೆಯವರ ಮೇಲೆ ತಿರುಗದಿರಲಿ

ಇದನ್ನು ಕೊನೆಯ ಹತ್ತಿರ ಇಟ್ಟರೂ ಹಗುರ ಮಾಡಿಲ್ಲ. ಜರನ್‌ವಾಲಾದ ಸುದ್ದಿ ಓದಿದ ಮರುದಿನ ಕ್ಲಾಕ್ ಟವರ್ ಹತ್ತಿರದ ಅಂಗಡಿಯ ಭಾಯಿಯ ಮುಖ ನೋಡುವಾಗ ಮನಸ್ಸು ಬಿಗಿಯಾದರೆ, ನೀವು ಓದಿದ್ದು ಅರ್ಧ ಮಾತ್ರ.

ಆಸಿಯಾ ಬೀಬಿಯ ಪರ ಮಾತಾಡಿದ್ದಕ್ಕೆ 2011ರ ಜನವರಿ 4ರಂದು ಅಂಗರಕ್ಷಕನಿಂದಲೇ ಕೊಲೆಯಾದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಮುಸ್ಲಿಮರು. ಎರಡು ತಿಂಗಳಲ್ಲಿ, ಮಾರ್ಚ್ 2ರಂದು, ಅದೇ ಕಾರಣಕ್ಕೆ ಸತ್ತ ಮಂತ್ರಿ ಶಹಬಾಜ್ ಭಟ್ಟಿ ಕ್ರೈಸ್ತರು. ಆಕೆಯ ಕೇಸು ನಡೆಸಿ ಗೆದ್ದ ವಕೀಲ ಸೈಫುಲ್ ಮಲೂಕ್ ಮುಸ್ಲಿಮರು, ಬಿಡುಗಡೆಯ ತೀರ್ಪು ಕೊಟ್ಟ ನ್ಯಾಯಮೂರ್ತಿಗಳೂ ಮುಸ್ಲಿಮರು. ಸಲಾಮತ್ ಮಸೀಹ್ ಎಂಬ ಹುಡುಗನನ್ನು 1995ರಲ್ಲಿ ಗಲ್ಲಿನಿಂದ ಉಳಿಸಿದ ವಕೀಲೆ ಅಸ್ಮಾ ಜಹಾಂಗೀರ್. ಅವನನ್ನು ಬಿಡುಗಡೆ ಮಾಡಿದ ನ್ಯಾಯಮೂರ್ತಿ ಆರಿಫ್ ಇಕ್ಬಾಲ್ ಭಟ್ಟಿ 1997ರಲ್ಲಿ ಕೊಲೆಯಾದರು. 2014ರಲ್ಲಿ ಇರಾಕಿನಲ್ಲಿ ಐಸಿಸ್ ಕ್ರೈಸ್ತರ ಮನೆಗಳ ಮೇಲೆ ಗುರುತು ಹಾಕಿ ಓಡಿಸಿದ ಹೊತ್ತಿನಲ್ಲೇ ಯಜಿದಿ ಎಂಬ ಅಲ್ಪಸಂಖ್ಯಾತರನ್ನು ಸಾಮೂಹಿಕವಾಗಿ ಕೊಂದಿತು, ಶಿಯಾಗಳನ್ನು ಕೊಂದಿತು. ಪಾಕಿಸ್ತಾನದ ಅಹ್ಮದಿಯರೂ ಹಿಂದೂಗಳೂ ಇದೇ ನೋವಿನಲ್ಲಿದ್ದಾರೆ. ನಿಮ್ಮ ಪ್ರಾರ್ಥನೆಯಲ್ಲಿ, ಪತ್ರದಲ್ಲಿ ಅವರೂ ಇರಲಿ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಶ್ರೀಲಂಕಾದ ಮೂರು ಚರ್ಚುಗಳಲ್ಲೂ ಹೋಟೆಲುಗಳಲ್ಲೂ ಬಾಂಬು ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ಲೋಕಸಭಾ ಚುನಾವಣೆಯ ಓಡಾಟ ಮುಗಿಸಿ ವಿಶ್ರಾಂತಿಗೆಂದು ಕೊಲಂಬೊಗೆ ಹೋಗಿದ್ದ ನೆಲಮಂಗಲ ಸುತ್ತಿನ ರಾಜಕೀಯ ಕಾರ್ಯಕರ್ತರೂ ಅಲ್ಲಿ ಸತ್ತರು. ಅವರು ಕ್ರೈಸ್ತರಲ್ಲ, ನಮ್ಮ ತುಮಕೂರು ರಸ್ತೆಯವರು. ಈಸ್ಟರಿನಲ್ಲಿ ಬಾಂಬಿಗೆ ತುತ್ತಾದ ನೆಗೊಂಬೊ ಚರ್ಚಿನವರ ಜೊತೆ ಅವರ ಮನೆಯವರನ್ನೂ ನೆನೆಸಿಕೊಳ್ಳಬೇಕು.

ಒಂಬತ್ತನೆಯದು: ಪೆಟ್ಟು ಇಲ್ಲೇ ಬಿದ್ದಾಗ

2021ರ ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಕ್ರೈಸ್ತ ಪುಸ್ತಕಗಳನ್ನು ಸುಟ್ಟದ್ದು, ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದಲ್ಲಿ ಸಂತ ಅಂತೋಣಿಯವರ ಪ್ರತಿಮೆಗೆ ಹಾನಿಯಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ದೂರದವರಿಗಾಗಿ ಕಲಿತ ಶಿಸ್ತು ಇಲ್ಲೂ ಬೇಕು. ತಿರುಗಿ ಕೈ ಎತ್ತಬೇಡಿ. 112ಕ್ಕೆ ಕರೆ ಮಾಡಿ. ಗಾಯವಾದವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಎಂಎಲ್‌ಸಿ (ಕೇಸಿಗೆ ಬೇಕಾದ ವೈದ್ಯರ ದಾಖಲೆ) ಬರೆಸಿ. ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಎಫ್‌ಐಆರ್ ಪ್ರತಿ ಉಚಿತ. ಆರಾಧನಾ ಸ್ಥಳಕ್ಕೆ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 298ನೆಯ, ಧಾರ್ಮಿಕ ಕೂಟಕ್ಕೆ ಅಡ್ಡಿಪಡಿಸುವುದು 300ನೆಯ ಕಲಮಿನ ಅಪರಾಧ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಎಸ್ಪಿಯವರಿಗೆ ಕಳಿಸಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ನಡೆದದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಬರೆಯಬೇಡಿ.

ಬಿಡುಗಡೆಯಾದ ಮೇಲೆ

ನೀವು ಹಿಡಿದ ಹೆಸರಿನವರು ಒಂದು ದಿನ ಹೊರಬಂದರು ಎನ್ನಿ. ಸ್ತೋತ್ರ ಹೇಳಿ, ಆದರೆ ನೋಟ್‌ಬುಕ್ ಮುಚ್ಚಬೇಡಿ. ಆಸಿಯಾ ಬೀಬಿ 2018ರಲ್ಲಿ ಬಿಡುಗಡೆಯಾದರೂ ಕೆನಡಾ ಸೇರಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ತಿಂಗಳುಗಳಲ್ಲಿ ಬೀದಿಯಲ್ಲಿ ಆಕೆಯ ತಲೆ ಕೇಳುವ ಗುಂಪುಗಳಿದ್ದವು. ಹೊರಬಂದ ಮೊದಲ ತಿಂಗಳುಗಳಲ್ಲಿ ಎಲ್ಲಿದ್ದಾರೆ ಎಂದು ವಿಚಾರಿಸಬೇಡಿ, ಗೊತ್ತಾದರೂ ಯಾರಿಗೂ ಹೇಳಬೇಡಿ, ಹಳೆಯ ಫೋಟೊ ಹಾಕಿ ಹಂಚಬೇಡಿ. ಮನೆಯವರು ತಾವಾಗಿ ಮಾತಾಡುವ ತನಕ ಪ್ರಾರ್ಥನೆ ಮಾತ್ರ ನಡೆಯಲಿ. ಕಾಣಿಕೆಯನ್ನೂ ಒಂದೆರಡು ವರ್ಷ ಮುಂದುವರಿಸಿ. ಹೊಸ ದೇಶದಲ್ಲಿ ಭಾಷೆ ಬರದವರಿಗೆ, ಸೆರೆಯಲ್ಲಿ ಆರೋಗ್ಯ ಕೆಟ್ಟವರಿಗೆ ಹಣ ಬೇಕಾಗುವುದೇ ಆಗ, ಲೋಕ ಮರೆಯುವುದೂ ಆಗಲೇ. ಆಮೇಲೆ ಗುಂಪಿನವರು ಕೂತು ಮುಂದಿನ ಹೆಸರು ಆರಿಸಿ, ನೋಟ್‌ಬುಕ್ಕನ್ನು ಈ ಸಲ ವಯಸ್ಸಿನಲ್ಲಿ ಚಿಕ್ಕವರೊಬ್ಬರ ಕೈಗೆ ಕೊಡಿ.